ರಜೆಯ ಪ್ರವಾಸಕ್ಕೆ ಮನೆಗಾಡಿಯೋ, ಹೋಟೆಲೋ? - ಅಮೆರಿಕದ ಪದ್ಧತಿಯ ಒಂದು ಲೆಕ್ಕ

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವ ಮನೆಗಳು ನಮ್ಮ ಸಂಘದ ವ್ಯಾಪ್ತಿಯ ಊರುಗಳಲ್ಲಿ ಈಗ ಅಪರೂಪವಲ್ಲ. ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬರುವ ಹಿರಿಯ ಸದಸ್ಯರೂ ಹಲವರಿದ್ದಾರೆ. ಹಾಗೆ ಹೊರಡುವವರಿಗೆ ಫೋನಿನಲ್ಲಿ ಮಕ್ಕಳು ಹೇಳುವ ಮಾತೊಂದುಂಟು: "ಈ ಸಲ ಹೋಟೆಲು ಬೇಡ ಅಪ್ಪಯ್ಯ, ಆರ್.ವಿ. ತಗೊಂಡು ಹೋಗೋಣ. ಖರ್ಚೂ ಕಡಿಮೆ, ಅಮ್ಮನಿಗೆ ಊಟದ ತೊಂದರೆಯೂ ಇಲ್ಲ." ಈ ಆರ್.ವಿ. ಎಂದರೇನು, ಖರ್ಚು ನಿಜವಾಗಿಯೂ ಕಡಿಮೆಯೇ ಎಂದು ಸಂಘದ ಕಚೇರಿಗೆ ಬಂದಾಗ ಕೇಳಿದವರಿದ್ದಾರೆ. ಒಬ್ಬ ಸದಸ್ಯರ ಪ್ರಶ್ನೆ ಇನ್ನೂ ಮುಂದೆ ಹೋಗಿತ್ತು. ಅವರ ಮಗ ಅಲ್ಲಿ ಇಂಥದೊಂದು ಗಾಡಿಯನ್ನು 15 ವರ್ಷದ ಸಾಲದಲ್ಲಿ ಕೊಳ್ಳಲು ಹೊರಟಿದ್ದು, ಮೊದಲ ಕಂತಿಗೆ ಈ ಸಲದ ಅಡಿಕೆ ಹಣದಲ್ಲಿ ಸ್ವಲ್ಪ ಕಳಿಸಬಹುದೇ ಎಂದು ಕೇಳಿದ್ದಾನೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ಕೂಲಂಕಷವಾಗಿ ನೋಡುವುದು ಉಚಿತವೆಂದು ತೋರಿತು. ಪ್ರಾರಂಭದಲ್ಲೇ ಒಂದು ಸ್ಪಷ್ಟನೆ: ಈ ಲೇಖನದಲ್ಲಿ ಹೋಟೆಲು ಎಂದರೆ ತಂಗುವ ಹೋಟೆಲು, ದೋಸೆ ತಿನ್ನುವ ಹೋಟೆಲಲ್ಲ.

ಗಾಡಿಯ ಸ್ವರೂಪ

ಆರ್.ವಿ. ಎಂಬುದು ರಿಕ್ರಿಯೇಷನಲ್ ವೆಹಿಕಲ್ ಎಂಬುದರ ಹ್ರಸ್ವರೂಪ. ನಾವು ಇದನ್ನು ಮನೆಗಾಡಿ ಎಂದು ಕರೆಯೋಣ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಎಂಜಿನ್ನು, ಚಾಲಕನ ಆಸನ, ಮನೆ ಎಲ್ಲವೂ ಒಂದೇ ಚಾಸಿಯ ಮೇಲಿರುವ ಮೋಟಾರ್‌ಹೋಮ್. ಇನ್ನೊಂದು, ಎಂಜಿನ್ನಿಲ್ಲದೆ ಬೇರೊಂದು ವಾಹನದ ಹಿಂದೆ ಕಟ್ಟಿ ಎಳೆಯುವ ಟ್ರೇಲರ್. ಮೋಟಾರ್‌ಹೋಮಿನಲ್ಲಿ ಬಸ್ಸಿನಷ್ಟು ದೊಡ್ಡದನ್ನು 'ಎ' ದರ್ಜೆ ಎಂದೂ, ವ್ಯಾನಿನೊಳಗೇ ಅಳವಡಿಸಿದ ಚಿಕ್ಕದನ್ನು 'ಬಿ' ದರ್ಜೆ ಎಂದೂ, ಚಾಲಕನ ತಲೆಯ ಮೇಲೆ ಅಟ್ಟದಂತೆ ಒಂದು ಹಾಸಿಗೆ ಚಾಚಿಕೊಂಡಿರುವುದನ್ನು 'ಸಿ' ದರ್ಜೆ ಎಂದೂ ಕರೆಯುತ್ತಾರೆ. ಸಂಸಾರಸ್ಥರು ಬಾಡಿಗೆಗೆ ಹೆಚ್ಚಾಗಿ ಹಿಡಿಯುವುದು ಈ 'ಸಿ' ದರ್ಜೆಯದನ್ನು. ಉದ್ದ 25ರಿಂದ 30 ಅಡಿ. ಒಳಗೆ ಗ್ಯಾಸಿನ ಒಲೆ, ಫ್ರಿಜ್ಜು, ನೀರಿನ ಟ್ಯಾಂಕಿ, ಸಣ್ಣ ಬಚ್ಚಲು, ಪಾಯಿಖಾನೆ, ಹಗಲು ಊಟದ ಮೇಜಾಗಿದ್ದು ರಾತ್ರಿ ಹಾಸಿಗೆಯಾಗುವ ಬೆಂಚು, ಇಷ್ಟೂ ಇರುತ್ತವೆ.

ಈ ಗಾಡಿಗಳ ಚರಿತ್ರೆಯಲ್ಲಿ ಬೆಳೆಗಾರರಿಗೆ ರುಚಿಸುವ ಸಂಗತಿಯೊಂದಿದೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬುದು ಬೇಸಾಯವನ್ನೇ ನಂಬಿದ್ದ ಸಣ್ಣ ಊರು. ಬೇಸಾಯವೊಂದರಿಂದಲೇ ಊರು ಉಳಿಯುವುದು ಕಷ್ಟವೆಂದು ಕಂಡ ಅಲ್ಲಿನ ವರ್ತಕರು ಜಾನ್ ಹ್ಯಾನ್ಸನ್ ಎಂಬವರ ಮುಂದಾಳ್ತನದಲ್ಲಿ 1958ರಲ್ಲಿ ಟ್ರೇಲರ್ ಕಾರ್ಖಾನೆಯೊಂದನ್ನು ಊರಿಗೆ ಬರಮಾಡಿಕೊಂಡರು. ಅದೇ ಮುಂದೆ ವಿನ್ನೆಬಾಗೊ ಎಂಬ ಹೆಸರಿನ ಕಂಪನಿಯಾಗಿ, 1966ರಿಂದ ಮೋಟಾರ್‌ಹೋಮುಗಳನ್ನು ತಯಾರಿಸತೊಡಗಿತು. ಗಾಡಿಗಳು ಹೆಚ್ಚಿದಂತೆ ಅವು ರಾತ್ರಿ ನಿಲ್ಲಲು ಜಾಗ ಬೇಕಾಯಿತು. 1962ರಲ್ಲಿ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಊರಿನ ಹೊಳೆಯ ಬದಿಯಲ್ಲಿ ಒಂದು ಬಿಡಾರದ ಜಾಗ ಪ್ರಾರಂಭವಾಯಿತು. ಆ ವರ್ಷ ಸಿಯಾಟಲ್‌ನಲ್ಲಿ ನಡೆದ ವಿಶ್ವ ವಸ್ತುಪ್ರದರ್ಶನಕ್ಕೆ ಹೋಗುವ ಸಂಸಾರಗಳು ದಾರಿಯಲ್ಲಿ ಅಲ್ಲಿ ತಂಗುತ್ತಿದ್ದವು. ಕೆ.ಒ.ಎ. ಎಂಬ ಬಿಡಾರಗಳ ದೊಡ್ಡ ಸಮೂಹ ಹುಟ್ಟಿದ್ದು ಹೀಗೆ.

ಹೋಟೆಲಿನ ಪಕ್ಷದಲ್ಲಿಯೂ ಇಂಥದೇ ಕಥೆಯಿದೆ. 1951ರಲ್ಲಿ ಮೆಂಫಿಸ್ ನಗರದ ಕೆಮನ್ಸ್ ವಿಲ್ಸನ್ ಎಂಬ ಗೃಹಸ್ಥರು ಪತ್ನಿ ಮತ್ತು ಐದು ಮಕ್ಕಳೊಡನೆ ಕಾರಿನಲ್ಲಿ ವಾಷಿಂಗ್‌ಟನ್‌ಗೆ ಹೊರಟರು. ದಾರಿಯಲ್ಲಿ ತಂಗಿದ ಕಡೆ ಒಂದೊಂದು ಮಗುವಿಗೂ 2 ಡಾಲರ್ ಹೆಚ್ಚಿಗೆ ಕೇಳಿದರು. ಸಿಟ್ಟಿಗೆದ್ದ ವಿಲ್ಸನ್ ಮರುವರ್ಷ, ಅಂದರೆ 1952ರಲ್ಲಿ, ತಮ್ಮ ಊರಿನಲ್ಲೇ ಹಾಲಿಡೇ ಇನ್ ಎಂಬ ಹೋಟೆಲನ್ನು ತೆರೆದು, ತಂದೆತಾಯಿಯರ ಕೋಣೆಯಲ್ಲೇ ಮಲಗುವ ಮಕ್ಕಳಿಗೆ ಬಾಡಿಗೆಯಿಲ್ಲ ಎಂಬ ನಿಯಮ ಮಾಡಿದರು. ಈ ಪದ್ಧತಿ ಬೇರೆ ಹೋಟೆಲುಗಳಿಗೂ ಹರಡಿತು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಗಂಡ, ಹೆಂಡತಿ, ಎರಡು ಮಕ್ಕಳು ಒಂದೇ ಕೋಣೆಯಲ್ಲಿ ಮಲಗಬಹುದಾದರೆ ಲೆಕ್ಕ ಒಂದು ಬಗೆ. ಅಜ್ಜ ಅಜ್ಜಿ ಸೇರಿ ಎರಡು ಕೋಣೆ ಬೇಕಾದರೆ ಲೆಕ್ಕವೇ ಬೇರೆ.

ಲೆಕ್ಕ

ಈಗ ಆ ಲೆಕ್ಕಕ್ಕೆ ಬರೋಣ. ಋತು, ಊರು, ಗಾಡಿಯ ವಯಸ್ಸು ಇವುಗಳ ಮೇಲೆ ದರಗಳು ಬಹಳ ಏರಿಳಿಯುತ್ತವೆ. ಆದ್ದರಿಂದ ಕೆಳಗಿನ ದರಗಳನ್ನು ಉದಾಹರಣೆಯೆಂದು ಮಾತ್ರ ಭಾವಿಸಬೇಕು. ನಿಮ್ಮ ಮಕ್ಕಳು ಹೇಳುವ ದರಗಳನ್ನು ಅದೇ ಜಾಗದಲ್ಲಿ ಇಟ್ಟು ಕೂಡಿಸಿಕೊಳ್ಳಬಹುದು.

ಆರು ಜನ, ಏಳು ರಾತ್ರಿ, ಒಟ್ಟು 1,000 ಮೈಲಿ, ಅಂದರೆ ಸುಮಾರು 1,600 ಕಿ.ಮೀ. ಪ್ರವಾಸವೆಂದು ಇಟ್ಟುಕೊಳ್ಳೋಣ. ಮನೆಗಾಡಿಯ ಬಾಡಿಗೆ ರಾತ್ರಿಗೆ 200 ಡಾಲರಿನಂತೆ 1,400. ಇಲ್ಲಿಗೇ ಮುಗಿಯಿತೆಂದು ತಿಳಿಯಬಾರದು. ಬಾಡಿಗೆ ಕಂಪನಿಗಳಲ್ಲಿ ಮೈಲಿಗೆ ಇಷ್ಟೆಂದು ಬೇರೆ ಲೆಕ್ಕ ಹಾಕುವುದು ರೂಢಿ. ಮೈಲಿಗೆ 40 ಸೆಂಟಿನಂತೆ 400. ಪೆಟ್ರೋಲನ್ನು ಅಲ್ಲಿ ಗ್ಯಾಲನ್ನಿನ ಅಳತೆಯಲ್ಲಿ ಮಾರುತ್ತಾರೆ. ಒಂದು ಗ್ಯಾಲನ್ ಎಂದರೆ 3.785 ಲೀಟರ್. ಈ ಗಾಡಿ ಗ್ಯಾಲನ್ನಿಗೆ ಸುಮಾರು 10 ಮೈಲಿ ಓಡುತ್ತದೆ, ನಮ್ಮ ಲೆಕ್ಕದಲ್ಲಿ ಲೀಟರಿಗೆ 4 ಕಿ.ಮೀ. ಚಿಲ್ಲರೆ. ಗ್ಯಾಲನ್ನಿಗೆ ಮೂರೂವರೆ ಡಾಲರಿನಂತೆ 350. ರಾತ್ರಿ ನಿಲ್ಲುವ ಜಾಗಕ್ಕೆ ನೀರು, ವಿದ್ಯುತ್ತು, ಕೊಳೆನೀರಿನ ಕೊಳವೆ ಸಹಿತ 60ರಂತೆ 420. ಹೆಚ್ಚುವರಿ ವಿಮೆ ದಿನಕ್ಕೆ 30ರಂತೆ 210. ಹಾಸಿಗೆ, ಪಾತ್ರೆ, ಸ್ವಚ್ಛ ಮಾಡಿಸುವ ಶುಲ್ಕ ಸೇರಿ 150. ದಿನಸಿ, ತರಕಾರಿ, ಹಾಲು ಮೊಸರಿಗೆ ದಿನಕ್ಕೆ 40ರಂತೆ 280. ಒಟ್ಟು 3,210 ಡಾಲರ್.

ಹೋಟೆಲಾದರೆ ಎರಡು ಕೋಣೆಗೆ ರಾತ್ರಿಗೆ 160ರಂತೆ 2,240. ಸ್ವಂತ ಕಾರು ಗ್ಯಾಲನ್ನಿಗೆ 25 ಮೈಲಿ ಓಡಿದರೆ ಪೆಟ್ರೋಲಿಗೆ 140. ಬೆಳಗಿನ ತಿಂಡಿ ಹೋಟೆಲಿನದೇ ಎಂದಿಟ್ಟುಕೊಂಡು, ಎರಡು ಹೊತ್ತಿನ ಊಟ ತಲೆಗೆ 15ರಂತೆ ವಾರಕ್ಕೆ 1,260. ಒಟ್ಟು 3,640. ಮನೆಗಾಡಿ 430 ಡಾಲರ್ ಅಗ್ಗ.

ಇನ್ನು ಇದೇ ಪ್ರವಾಸಕ್ಕೆ ಅಜ್ಜ ಅಜ್ಜಿಯನ್ನು ಬಿಟ್ಟು ನಾಲ್ಕೇ ಜನ ಹೊರಟರೆನ್ನಿ. ಹೋಟೆಲಿನಲ್ಲಿ ಒಂದೇ ಕೋಣೆ ಸಾಕು: 1,120. ಪೆಟ್ರೋಲು 140, ಊಟ 840, ಒಟ್ಟು 2,100. ಮನೆಗಾಡಿಯಲ್ಲಿ ದಿನಸಿಯ ಖರ್ಚು 80 ಡಾಲರ್ ತಗ್ಗಬಹುದೇ ಹೊರತು ಉಳಿದುದೆಲ್ಲ ಅಷ್ಟೇ, 3,130. ಅಂದರೆ ಈಗ ಹೋಟೆಲೇ ಸಾವಿರ ಡಾಲರಿಗೂ ಮೇಲ್ಪಟ್ಟು ಅಗ್ಗ! ಮತ್ತೆ ಆರು ಜನರ ಲೆಕ್ಕಕ್ಕೇ ಬಂದು, ದೂರವನ್ನು ಮಾತ್ರ 1,000ದಿಂದ 2,000 ಮೈಲಿಗೆ ಏರಿಸಿ ನೋಡಿ. ಮನೆಗಾಡಿಯ ಖರ್ಚು 3,960ಕ್ಕೆ ಏರುತ್ತದೆ, ಹೋಟೆಲಿನದು 3,780. ಅಗ್ಗದ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಜನ ಹೆಚ್ಚಿದ್ದು, ದೂರ ಕಡಿಮೆಯಿದ್ದು, ಒಂದೇ ಜಾಗದಲ್ಲಿ ಮೂರು ನಾಲ್ಕು ರಾತ್ರಿ ನಿಲ್ಲುವುದಾದರೆ ಮನೆಗಾಡಿ ಹಿಡಿಸುತ್ತದೆ. ದಿನಕ್ಕೊಂದು ಊರು ನೋಡುವ ಆತುರದವರಿಗೆ ಅದು ದುಬಾರಿ.

ಕೊಳ್ಳುವ ವಿಚಾರ

ಬಾಡಿಗೆಯ ಮಾತು ಹೀಗಾದರೆ ಕೊಳ್ಳುವ ಮಾತೇನು? ನಮ್ಮ ಸದಸ್ಯರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಅಡಿಕೆ ಸುಲಿಯುವ ಯಂತ್ರವನ್ನು ನೆನೆಯಿರಿ. ಸುಗ್ಗಿಯಲ್ಲಿ ಕೆಲವು ವಾರ ಓಡಿ, ವರ್ಷದ ಉಳಿದ ಕಾಲವೆಲ್ಲ ಕೊಟ್ಟಿಗೆಯ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂರುತ್ತದೆ. ಎರಡೆಕರೆ ತೋಟದವರು ಅದನ್ನು ಸ್ವಂತಕ್ಕೆ ಕೊಳ್ಳುವುದಕ್ಕಿಂತ ಬಾಡಿಗೆಯವರಿಂದ ಸುಲಿಸುವುದು ಲಾಭವೆಂದು ನಾವು ಈ ಪುಟಗಳಲ್ಲೇ ಹಲವು ಸಲ ಬರೆದಿದ್ದೇವೆ. ಮನೆಗಾಡಿಯೂ ಅಂಥದೇ ಯಂತ್ರ. ನೌಕರಿಯಲ್ಲಿರುವ ಮಕ್ಕಳಿಗೆ ವರ್ಷದಲ್ಲಿ ಸಿಗುವ ರಜೆ ಎರಡು ಮೂರು ವಾರ. ಶನಿವಾರ ಭಾನುವಾರಗಳನ್ನು ಸೇರಿಸಿ ವರ್ಷಕ್ಕೆ 20 ರಾತ್ರಿ ಬಳಸುತ್ತಾರೆ ಎನ್ನೋಣ.

ಒಂದು ಲಕ್ಷ ಡಾಲರಿನ ಗಾಡಿ ಹತ್ತು ವರ್ಷದಲ್ಲಿ 60,000ದಷ್ಟು ಬೆಲೆ ಕಳೆದುಕೊಂಡರೆ ಸವಕಳಿ ವರ್ಷಕ್ಕೆ 6,000. ವಿಮೆ 1,000. ಬಹಳಷ್ಟು ಬಡಾವಣೆಗಳಲ್ಲಿ ಇದನ್ನು ಮನೆಯ ಮುಂದೆ ನಿಲ್ಲಿಸಲು ಬಿಡುವುದಿಲ್ಲ. ಬೇರೆಡೆ ಬಾಡಿಗೆಗೆ ನಿಲ್ಲಿಸಲು ತಿಂಗಳಿಗೆ 100ರಂತೆ 1,200. ಟೈರು, ಬ್ಯಾಟರಿ, ಸೋರಿಕೆ ಇತ್ಯಾದಿ ರಿಪೇರಿಗೆ 1,000. ಒಟ್ಟು 9,200. ಇದಕ್ಕೆ 80,000 ಸಾಲದ ಮೇಲೆ ನೂರಕ್ಕೆ 8ರಂತೆ ಮೊದಲ ವರ್ಷದ ಬಡ್ಡಿ 6,400 ಸೇರಿಸಿದರೆ 15,600. ಇಪ್ಪತ್ತು ರಾತ್ರಿಗೆ ಭಾಗಿಸಿದರೆ ರಾತ್ರಿಗೆ 780 ಡಾಲರ್ ಬೀಳುತ್ತದೆ. ಪೆಟ್ರೋಲು ಮತ್ತು ಬಿಡಾರದ ಬಾಡಿಗೆ ಇನ್ನೂ ಬೇರೆ! ವರ್ಷ ಕಳೆದಂತೆ ಬಡ್ಡಿ ಇಳಿಯುವುದು ಹೌದು. ಬಡ್ಡಿಯನ್ನೇ ಬಿಟ್ಟು ಎಣಿಸಿದರೂ ರಾತ್ರಿಗೆ 460. ಅದೇ ಗಾಡಿಯಲ್ಲಿ ವರ್ಷಕ್ಕೆ 100 ರಾತ್ರಿ ಮಲಗುವವರಿಗೆ ಬಡ್ಡಿ ಸೇರಿಯೂ 156 ಮಾತ್ರ. ಆದ್ದರಿಂದಲೇ ಅಲ್ಲಿ ನಿವೃತ್ತರು ಇದನ್ನು ಕೊಂಡು, ಉತ್ತರದ ಹಿಮದಿಂದ ತಪ್ಪಿಸಿಕೊಂಡು ಚಳಿಗಾಲವಿಡೀ ಅರಿಜೋನಾದಂಥ ಬಿಸಿಲ ಸೀಮೆಯಲ್ಲಿ ಬಿಡಾರ ಹೂಡುವುದು ಕಂಡುಬರುತ್ತದೆ. ಅವರ ಲೆಕ್ಕ ಸರಿಯಾದುದೇ. ಅದನ್ನು ಕಂಡು ನೌಕರಿಯಲ್ಲಿರುವವರು ಅನುಕರಿಸಿದರೆ ಸರಿಹೋಗುವುದಿಲ್ಲ.

ಕೊರೋನಾ ಕಾಲದಲ್ಲಿ ಹೋಟೆಲುಗಳಿಗೆ ಹೋಗಲು ಹೆದರಿದ ಜನ ಮನೆಗಾಡಿಗಳಿಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಸುಮಾರು 6 ಲಕ್ಷ ಗಾಡಿಗಳು ಹೊರಬಂದವು; ಅದು ಅಲ್ಲಿಯವರೆಗಿನ ದಾಖಲೆ. 2023ರಲ್ಲಿ ಆ ಸಂಖ್ಯೆ 3 ಲಕ್ಷದ 13 ಸಾವಿರಕ್ಕೆ ಇಳಿಯಿತು. ಕಾಳುಮೆಣಸಿನ ಧಾರಣೆ ಏರಿದ ವರ್ಷ ಎಲ್ಲರೂ ಬಳ್ಳಿ ನೆಟ್ಟದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಹೇಳಿದ ಸದಸ್ಯರಿಗೆ ನಾವು ಕೊಟ್ಟ ಅಭಿಪ್ರಾಯವೂ ಇದೇ. ಮೊದಲು ಎರಡು ವರ್ಷ ಬಾಡಿಗೆಗೆ ಹಿಡಿದು ನೋಡಲಿ. ಆಮೇಲೂ ಬೇಕೆನಿಸಿದರೆ ಮೂರು ನಾಲ್ಕು ವರ್ಷ ಓಡಿದ ಗಾಡಿಯನ್ನು ವಿಚಾರಿಸಲಿ. ಈ ಸಲದ ಅಡಿಕೆ ಹಣ ಇಲ್ಲಿನ ಗೊಬ್ಬರಕ್ಕೂ ಕೂಲಿಗೂ ಇರಲಿ.

ಒಳಗಿನ ಬದುಕು

ಹಾಗಾದರೆ ದುಡ್ಡಿನ ಲೆಕ್ಕ ಬಿಟ್ಟರೆ ಮನೆಗಾಡಿಯಲ್ಲಿ ಲಾಭವೇ ಇಲ್ಲವೇ? ಇದೆ, ದೊಡ್ಡದೇ ಇದೆ. ಅದು ಅಡಿಗೆಮನೆ. ಸಸ್ಯಾಹಾರಿಗಳಾದ ಹಿರಿಯರನ್ನು ಕರೆದುಕೊಂಡು ಅಲ್ಲಿನ ಹೆದ್ದಾರಿಯಲ್ಲಿ ಹೊರಟವರಿಗೆ ಊಟದ ಪಾಡು ಗೊತ್ತು. ಬ್ರೆಡ್ಡು, ಆಲೂಗಡ್ಡೆ ಕರಿದದ್ದು, ಮತ್ತೆ ಬ್ರೆಡ್ಡು. ಸಕ್ಕರೆ ಕಾಯಿಲೆಯಿದ್ದು ಹೊತ್ತಿಗೆ ಸರಿಯಾಗಿ ಉಣ್ಣಬೇಕಾದವರಿಗಂತೂ ಇದು ಬರೀ ರುಚಿಯ ಪ್ರಶ್ನೆಯಲ್ಲ. ಮನೆಗಾಡಿಯಲ್ಲಿ ಮರದ ನೆರಳು ಕಂಡಲ್ಲಿ ನಿಲ್ಲಿಸಿ, ಕುಕ್ಕರಿನಲ್ಲಿ ಅನ್ನವಿಟ್ಟು, ಅರ್ಧ ಗಂಟೆಯಲ್ಲಿ ಸಾರು ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಮುಂದಿಡಬಹುದು. ನಾವು ಮಗಳ ಮನೆಯವರೊಡನೆ ಒಂದು ವಾರ ಹೀಗೆ ಸುತ್ತಿದಾಗ ನಮ್ಮ ಮನೆಯವರು ಊರಿನಿಂದ ಒಯ್ದಿದ್ದ ಸಾರಿನ ಪುಡಿ ಕಣಿವೆ ಜಲಪಾತಗಳಿಗಿಂತ ಹೆಚ್ಚು ಹೊಗಳಿಕೆ ಪಡೆಯಿತು.

ಆದರೆ ಒಗ್ಗರಣೆ ಹಾಕುವಾಗ ಚಾವಣಿಯ ಗಾಳಿಕಿಂಡಿ ತೆರೆದು ಪಂಖ ಹಾಕಿರಬೇಕು. ಇಲ್ಲವಾದರೆ ಒಣಮೆಣಸಿನ ಘಾಟಿಗೆ ಹೊಗೆ ಗಂಟೆ ಬಾರಿಸಿ ಅಕ್ಕಪಕ್ಕದ ಬಿಡಾರದವರೆಲ್ಲ ಎದ್ದು ಬರುತ್ತಾರೆ. ಊರಿನ ಮಿಕ್ಸಿಯನ್ನು ಒಯ್ಯುವುದು ವ್ಯರ್ಥ. ಅಲ್ಲಿನ ವಿದ್ಯುತ್ತು 120 ವೋಲ್ಟಿನದು, ನಮ್ಮ ಮಿಕ್ಸಿ 230ರದು. ಬಿಡಾರದಲ್ಲಿ ಕೊಡುವ 30 ಆಂಪಿಯರ್ ಸಂಪರ್ಕದಿಂದ ಒಟ್ಟು 3,600 ವ್ಯಾಟು ಮಾತ್ರ ಸಿಗುತ್ತದೆ. ಏ.ಸಿ. ಓಡುವಾಗಲೇ ಮೈಕ್ರೋವೇವನ್ನೂ ನೀರು ಕಾಯಿಸುವುದನ್ನೂ ಹಾಕಿದರೆ ಸ್ವಿಚ್ಚು ಬಿದ್ದುಹೋಗುತ್ತದೆ.

ಇನ್ನೊಂದು ಸಂಗತಿಯನ್ನು ಗಂಡಸರು ಗಮನಿಸಬೇಕು. ಹೋಟೆಲಿನಲ್ಲಿ ಮನೆಯ ಹೆಂಗಸರಿಗೆ ಏಳು ದಿನ ನಿಜವಾದ ರಜೆ. ಮನೆಗಾಡಿಯಲ್ಲಿ ಅವರಿಗೆ ಊರಿನದೇ ಕೆಲಸ, ಅದೂ ಮೊಣಕೈ ಆಡಿಸಲು ಜಾಗವಿಲ್ಲದ ಅಡಿಗೆಮನೆಯಲ್ಲಿ. ಪಾತ್ರೆ ತೊಳೆಯುವುದು, ಹಾಸಿಗೆ ಮಡಚುವುದು ಇವನ್ನಾದರೂ ಹೊರಡುವ ಮೊದಲೇ ಗಂಡಸರೂ ಮಕ್ಕಳೂ ಹಂಚಿಕೊಳ್ಳದಿದ್ದರೆ ಹೋಟೆಲಿಗೆ ಹೋಗುವುದೇ ನ್ಯಾಯ.

ನೀರಿನ ವಿಷಯ ಮಲೆನಾಡಿನವರಿಗೆ ಸ್ವಲ್ಪ ಕಷ್ಟ. ಹಂಡೆಯ ನೀರಿನಲ್ಲಿ ಮೀಯುವ ರೂಢಿ ನಮ್ಮದು. ಈ ಗಾಡಿಯ ಬಿಸಿನೀರಿನ ಪಾತ್ರೆ ಬಹಳ ಕಡೆ 6 ಗ್ಯಾಲನ್ನಿನದು, ಅಂದರೆ ಸುಮಾರು 23 ಲೀಟರ್. ಒಬ್ಬರ ಸ್ನಾನಕ್ಕೇ ಅದು ಮುಗಿದರೆ ಆಶ್ಚರ್ಯವಿಲ್ಲ. ಬಿಡಾರದ ಜಾಗದಲ್ಲಿ ಸಾರ್ವಜನಿಕ ಸ್ನಾನಗೃಹವಿದ್ದರೆ ಅದನ್ನೇ ಬಳಸುವುದು ಲೇಸು.

ಬಳಸಿದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನೂ ತಿಳಿದಿರಬೇಕು. ಸಿಂಕು ಮತ್ತು ಬಚ್ಚಲಿನದು ಒಂದು ಟ್ಯಾಂಕಿಗೆ, ಪಾಯಿಖಾನೆಯದು ಇನ್ನೊಂದಕ್ಕೆ. ಕಂಡಲ್ಲಿ ಹರಿಬಿಡುವಂತಿಲ್ಲ. ಪಲ್ಪರಿನ ನೀರನ್ನು ಹಳ್ಳಕ್ಕೆ ಬಿಡಬಾರದೆಂದು ನಿಯಮವಿರುವಂತೆಯೇ ಇದು. ಗೊತ್ತುಪಡಿಸಿದ ಗುಂಡಿಯ ಬಾಯಿಗೆ ಕೊಳವೆ ಜೋಡಿಸಿ ಖಾಲಿ ಮಾಡಬೇಕು. ಮೊದಲು ಪಾಯಿಖಾನೆಯದನ್ನು, ಆಮೇಲೆ ಬಚ್ಚಲಿನದನ್ನು ಬಿಟ್ಟರೆ ಎರಡನೆಯ ನೀರಿನಿಂದ ಕೊಳವೆ ತೊಳೆದಂತಾಗುತ್ತದೆ. ಬಿಡಾರದಲ್ಲಿ ಕೊಳವೆ ಸದಾ ಜೋಡಿಸಿದ್ದರೂ ಪಾಯಿಖಾನೆಯ ಟ್ಯಾಂಕಿಯ ಬಾಯನ್ನು ತೆರೆದಿಡಬಾರದು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಒಳಗೇ ಕಟ್ಟಿಕೊಳ್ಳುತ್ತದೆ. ಕೈಗೆ ಗವಸು ಹಾಕಿ ಹತ್ತು ನಿಮಿಷದಲ್ಲಿ ಮುಗಿಸುವ ಕೆಲಸವಿದು. ಅಳಿಯಂದಿರು ಮಾಡುತ್ತಾರೆ, ನೋಡಲು ಮಾವನವರಿಗೆ ಸಂಕೋಚವಾಗಬಹುದು, ಅಷ್ಟೆ.

ದಾರಿ ಮತ್ತು ಜಾಗ

ಗಾಡಿ ಓಡುವಾಗ ಎಲ್ಲರೂ ಆಸನದಲ್ಲಿ ಬೆಲ್ಟು ಕಟ್ಟಿ ಕುಳಿತಿರತಕ್ಕದ್ದು. ಹಿಂದೆ ಹಾಸಿಗೆಯಿದೆಯೆಂದು ಮಲಗುವುದು, ಚಹಾ ಕಾಯಿಸಲು ಏಳುವುದು ಅಪಾಯ. ಆರು ಜನ ಮಲಗಬಹುದು ಎಂದ ಮಾತ್ರಕ್ಕೆ ಆರು ಜನಕ್ಕೆ ಬೆಲ್ಟಿದೆಯೆಂದು ಅರ್ಥವಲ್ಲ. ಬಾಡಿಗೆಗೆ ಹಿಡಿಯುವಾಗಲೇ ಇದನ್ನು ಕೇಳಬೇಕು. ಅಟ್ಟದ ಹಾಸಿಗೆಗೆ ಏಣಿ ಹತ್ತಬೇಕಾದುದರಿಂದ ಅದು ಮಕ್ಕಳ ಪಾಲು. ಮಂಡಿನೋವಿನವರು ಹಿಂಬದಿಯ ಹಾಸಿಗೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ.

ರಾಷ್ಟ್ರೀಯ ಉದ್ಯಾನಗಳಿಗೆ ಹೋಗುವವರು ಅಳತೆಯನ್ನು ನೋಡಿಯೇ ಗಾಡಿ ಆರಿಸಬೇಕು. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಪ್ರಸಿದ್ಧ ಘಾಟಿ ರಸ್ತೆಯ ಮೇಲ್ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. 'ಸಿ' ದರ್ಜೆಯ ಗಾಡಿಯಲ್ಲಿ ಹೋದವರು ಅದನ್ನು ಕೆಳಗೇ ನಿಲ್ಲಿಸಬೇಕು. 1872ರಲ್ಲಿ ಸ್ಥಾಪಿತವಾದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ನೀರು, ವಿದ್ಯುತ್ತು, ಕೊಳೆನೀರಿನ ಕೊಳವೆ ಮೂರೂ ಇರುವುದು ಫಿಶಿಂಗ್ ಬ್ರಿಜ್ ಎಂಬ ಒಂದೇ ಬಿಡಾರದಲ್ಲಿ. ಕರಡಿಗಳು ಓಡಾಡುವ ಜಾಗವಾದ್ದರಿಂದ ಅಲ್ಲಿ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಬಟ್ಟೆಯ ಡೇರೆಗೆ ಇಲ್ಲ. ಗ್ರ್ಯಾಂಡ್ ಕ್ಯಾನ್ಯನ್ನಿನ ದಕ್ಷಿಣ ಅಂಚಿನಲ್ಲಿ ಟ್ರೇಲರ್ ವಿಲೇಜ್ ಎಂಬಲ್ಲಿ ಈ ಮೂರೂ ಅನುಕೂಲವಿದೆ. ಉದ್ಯಾನಗಳ ಉಳಿದ ಹೆಚ್ಚಿನ ಬಿಡಾರಗಳಲ್ಲಿ ವಿದ್ಯುತ್ತಿಲ್ಲ. ಜನರೇಟರನ್ನು ರಾತ್ರಿ ಓಡಿಸಲು ಬಿಡುವುದೂ ಇಲ್ಲ. ಬೇಸಿಗೆಯ ಜಾಗಗಳಿಗೆ ಆರು ತಿಂಗಳು ಮೊದಲೇ ಕಾದಿರಿಸುವ ಪೈಪೋಟಿ ನಡೆಯುತ್ತದೆ. ಗಾಡಿ ಗೊತ್ತಾದ ಮೇಲೆ ಜಾಗ ಹುಡುಕುವುದಲ್ಲ, ಜಾಗ ಗೊತ್ತಾದ ಮೇಲೆ ಗಾಡಿ ಹಿಡಿಯಬೇಕು.

ಕೊನೆಯದಾಗಿ ಕಾಲದ ವಿಚಾರ. ಅಲ್ಲಿನ ಶಾಲೆಗಳ ಬೇಸಿಗೆ ರಜೆ ಸುಮಾರಾಗಿ ಜೂನಿನಿಂದ ಆಗಸ್ಟಿನವರೆಗೆ. ನಮಗೆ ಅದು ಜಡಿಮಳೆಯ, ಕೊಳೆರೋಗದ ಕಾಲ. ಮುಂಗಾರಿಗೆ ಮೊದಲಿನ ಬೋರ್ಡೋ ಸಿಂಪಡಣೆ ಮುಗಿಸಿ ಹೊರಟರೂ 40-45 ದಿನಕ್ಕೆ ಎರಡನೆಯದು ಬರುತ್ತದೆ. ಆ ಹೊತ್ತಿಗೆ ನೀವು ಊರಿನಲ್ಲಿರುವುದಿಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟು, ಕೊನೆಗೌಡನಿಗೆ ದಿನ ಗೊತ್ತುಮಾಡಿ, ಮುಂಗಡ ಕೊಟ್ಟು, ಅಣ್ಣತಮ್ಮಂದಿರಲ್ಲಿ ಯಾರಾದರೊಬ್ಬರಿಗೆ ಹೊಣೆ ಒಪ್ಪಿಸಿ ಹೊರಡಬೇಕು. ಮೊಮ್ಮಕ್ಕಳು ಇನ್ನೂ ಶಾಲೆಗೆ ಸೇರದವರಾದರೆ ಸೆಪ್ಟೆಂಬರ್ ಉತ್ತಮ. ಅಲ್ಲಿ ಆ ತಿಂಗಳ ಮೊದಲ ಸೋಮವಾರದ ಕಾರ್ಮಿಕ ದಿನ ಕಳೆದ ಮೇಲೆ ಜನಸಂದಣಿಯೂ ಬಾಡಿಗೆಯೂ ಇಳಿಯುತ್ತವೆ. ಇಲ್ಲಿ ಅರೇಬಿಕಾ ಕೊಯ್ಲಿಗೆ ಮುಂಚೆ ಮನೆ ಸೇರಿಕೊಳ್ಳಬಹುದು.